ಶ್ರದ್ಧೆಯ ದೃಷ್ಟಿಯೂ ಸಮಾಜದ ಸಾಕ್ಷ್ಯವೂ

ಸಮಾಜಶಾಸ್ತ್ರವನ್ನೂ ಸಂಸ್ಕೃತಿಯನ್ನೂ ಕ್ರೈಸ್ತ ದೃಷ್ಟಿಯಿಂದ ಅಭ್ಯಸಿಸುವೆನೆಂದು ಕಾಲೇಜಿನ ವಿದ್ಯಾರ್ಥಿಯೊಬ್ಬನು ನುಡಿದರೆ, ಶಾಸ್ತ್ರಕ್ಕೆ ಮತದ ಗೊಡವೆ ಏತಕ್ಕೆಂದು ಕೆಲವರೂ, ಇದು ಮತಪ್ರಚಾರದ ಇನ್ನೊಂದು ವೇಷವೆಂದು ಮತ್ತೆ ಕೆಲವರೂ ಹುಬ್ಬು ಗಂಟಿಕ್ಕುವರು. ಈ ಶಂಕೆಗಳು ನಿರಾಧಾರವಾದುವಲ್ಲ. ಆದರೆ ಅವುಗಳಿಗೆ ಸಮಾಧಾನವು ನಮ್ಮ ನಾಡಿನ ಚರಿತ್ರೆಯಲ್ಲಿಯೇ ಉಂಟು.

ಬಾಸೆಲ್ ಮಿಷನ್ನೆಂಬ ಕ್ರೈಸ್ತ ಸಂಘದವರು ಜನರನ್ನು ತಮ್ಮ ಮತಕ್ಕೆ ಕರೆಯಲು ಬಂದವರೆಂಬುದು ಮುಚ್ಚಿಡತಕ್ಕ ಸಂಗತಿಯಲ್ಲ. ಆದರೂ, ಕೇಳುವವರ ನುಡಿಯನ್ನೂ ನಂಬಿಕೆಯನ್ನೂ ಅರಿಯದ ಕರೆಯು ವ್ಯರ್ಥವೆಂದು ಕಂಡ, ಅವರಲ್ಲೊಬ್ಬರಾದ ಮೋಗ್ಲಿಂಗರು ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚಿಗೆ ತಂದರು. 1853ರಲ್ಲಿ ಭಾರತಕ್ಕೆ ಬಂದ, ಅದೇ ಮಿಷನ್ನಿನ ಕಿಟ್ಟೆಲರ ಶ್ರಮವು 1894ರಲ್ಲಿ ಕನ್ನಡದ ಮಹಾಕೋಶವಾಗಿ ಫಲಿಸಿತು. ಇವರು ಹೊರಗಿನಿಂದ ಬಂದವರು. ಧಾರವಾಡದಲ್ಲಿಯೇ ಹುಟ್ಟಿ, ಕ್ರೈಸ್ತ ಬೋಧಕರಾಗಿ ಬಾಳಿದ ಉತ್ತಂಗಿ ಚನ್ನಪ್ಪನವರಾದರೋ, ಹಸ್ತಪ್ರತಿಗಳನ್ನರಸಿ ಊರೂರು ಅಲೆದು, ಸರ್ವಜ್ಞನ ಸುಮಾರು 2,000 ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಶರಣರ ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥವನ್ನೇ ರಚಿಸಿದರು. 1949ರಲ್ಲಿ ಕನ್ನಡಿಗರು ಅವರನ್ನು ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಆರಿಸಿದಾಗ ಅವರ ಕ್ರಿಸ್ತಭಕ್ತಿಯು ಅಡ್ಡಿಯಾಗಲಿಲ್ಲ. ಮನುಷ್ಯರೆಲ್ಲರೂ ಸಮಾನರೆಂಬ ಶ್ರದ್ಧೆಯು ಅವರನ್ನು ಶರಣರ ಬಳಿಗೆ ಕರೆದೊಯ್ದಿರಬಹುದು. ಅಲ್ಲಿ ದೊರೆತುದನ್ನು ಅವರು ಎಲ್ಲರೂ ಪರೀಕ್ಷಿಸಬಹುದಾದ ಆಧಾರಗಳೊಡನೆ ಓದುಗರ ಮುಂದಿರಿಸಿದರು. ದೃಷ್ಟಿಯು ಪ್ರಶ್ನೆಯನ್ನು ಕೇಳಬಹುದು, ಉತ್ತರವನ್ನು ಮಾತ್ರ ಜನಜೀವನವೇ ಹೇಳಬೇಕು.

1957ರಲ್ಲಿ ಪಿ. ಡಿ. ದೇವನಂದನ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಧರ್ಮ ಮತ್ತು ಸಮಾಜಗಳ ಅಧ್ಯಯನಕ್ಕೆಂದು ಕ್ರೈಸ್ತ ಸಂಸ್ಥೆಯೊಂದು ಸ್ಥಾಪಿತವಾದುದೂ, ಅದು ಅನ್ಯಮತೀಯರೊಡನೆ ಸಂವಾದಕ್ಕೆ ಕುಳಿತುದೂ ಇದೇ ಮಾರ್ಗದ ಮುಂದುವರಿಕೆಯೆನ್ನಬೇಕು.

ಆದರೆ ಈ ದೃಷ್ಟಿಯ ಪ್ರಾಮಾಣ್ಯಕ್ಕೆ ಕಠಿಣವಾದ ಪರೀಕ್ಷೆಯೊಂದುಂಟು. ನೆರೆಯವರ ಜಾತಿಭೇದವನ್ನು ಸುವಾರ್ತೆಯ ಬೆಳಕಿನಲ್ಲಿ ಕಾಣುವುದು ಸುಲಭ. ದೀಕ್ಷಾಸ್ನಾನವಾದ ಮೇಲೆಯೂ ಜಾತಿಯು ಅಳಿಯದೆ, ಮದುವೆಯ ಮಾತುಕತೆಯಲ್ಲಿಯೂ, ಕೆಲವೆಡೆ ಸ್ಮಶಾನದಲ್ಲಿಯೂ ತಲೆಯೆತ್ತುವುದನ್ನು ತನ್ನ ಸಭೆಯೊಳಗೇ ಕಾಣುವುದು ದುಸ್ತರ. 1950ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗುಳಿದಿರುವರು. ಹೀಗಿರುವಾಗ, ಮತವು ಬದಲಾದೊಡನೆ ಜಾತಿಯು ನಿಜವಾಗಿಯೂ ಕಳಚುವುದೆ ಎಂಬುದನ್ನು ಶೋಧಿಸಲು ಕ್ರೈಸ್ತ ವಿದ್ಯಾರ್ಥಿಗಿಂತ ಹೆಚ್ಚಿನ ಅಧಿಕಾರಿಯು ಯಾರು?

ಗೋಕಾಕ ಸೀಮೆಯ ಅಂಕಲಗಿಯಂಥ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಅಡವಿಸಿದ್ಧೇಶ್ವರ ಮಠವಿದೆ; ಜಿಲ್ಲಾಸ್ಥಳವಾದ ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನ ಕಾರ್ಯವು 1820ರಲ್ಲಿಯೇ ಆರಂಭವಾಗಿತ್ತು. ಮಠದ ಪ್ರಸಾದದ ಪಂಕ್ತಿಯಲ್ಲಿ ಯಾರ ಮಗ್ಗುಲಲ್ಲಿ ಯಾರು ಕೂಡುವರೆಂದು ಕೇಳುವ ವಿದ್ಯಾರ್ಥಿಯು, ತನ್ನ ಸಭೆಯಲ್ಲಿ ಪ್ರಭುಭೋಜನಕ್ಕೆ ಒಂದಾಗಿ ಬಂದವರು ಮನೆಯ ಊಟಕ್ಕೂ ಒಂದಾಗುವರೆ ಎಂದು ಕೇಳಲೇಬೇಕು. ತಾನು ಬರೆದುದನ್ನು ಅಚ್ಚ ಕನ್ನಡದಲ್ಲಿ ಮಠದವರಿಗೂ ಸಭೆಯವರಿಗೂ ಓದಿ ಹೇಳಿ, ಅವರ ಆಕ್ಷೇಪಗಳನ್ನೂ ಪ್ರಬಂಧದಲ್ಲಿ ದಾಖಲಿಸಬೇಕು. ನಮ್ಮ ಕಾಲೇಜುಗಳು ಇದನ್ನು ನಿಯಮವಾಗಿಯೇ ವಿಧಿಸಲಿ. ಕ್ರೈಸ್ತ ದೃಷ್ಟಿಗೆ ಮಾತ್ರವಲ್ಲದೆ, ವೀರಶೈವ, ಮುಸ್ಲಿಂ, ನಾಸ್ತಿಕ ದೃಷ್ಟಿಗಳಿಗೂ ಅದು ಸಮಾನವಾಗಿ ಅನ್ವಯಿಸಲಿ.