ಫಾತಿಮಾಳ ಈಟಿ ಮತ್ತು ನಮ್ಮ ಯತೀಮ್‌ಖಾನೆಗಳು

1961ರಲ್ಲಿ ಲಂಡನ್ ನಗರದ ಒಂದು ಮನೆಯೊಳಗಿನಿಂದ ಹಸುಳೆಯ ಅಳು ಕೇಳಿಸುತ್ತಿತ್ತು. ಸಂತೈಸುವವರು ಯಾರೂ ಇದ್ದಂತಿರಲಿಲ್ಲ. ನೆರೆಯವರಿಗೆ ಸಂಶಯ ಬಂತು, ಪೊಲೀಸರಿಗೆ ಸುದ್ದಿ ಹೋಯಿತು. ಬಾಗಿಲು ಒಡೆದು ನೋಡಿದರೆ ಕೆಲವೇ ತಿಂಗಳ ಹೆಣ್ಣು ಮಗುವೊಂದು ಹಸಿವಿನಿಂದ ಬಸವಳಿದು ಒಂಟಿಯಾಗಿ ಮಲಗಿತ್ತು. ಸೈಪ್ರಸ್ ಮೂಲದ ತಾಯಿ ಅದನ್ನು ತೊರೆದು ಹೋಗಿದ್ದಳು. ಮಗುವಿನ ಹೆಸರು ಫಾತಿಮಾ.

25 ವರ್ಷಗಳ ಬಳಿಕ, 1986ರ ಆಗಸ್ಟ್ 28ರಂದು, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್‌ನ ಅರ್ಹತಾ ಸುತ್ತಿನಲ್ಲಿ ಅದೇ ಫಾತಿಮಾ 77.44 ಮೀಟರ್ ದೂರಕ್ಕೆ ಈಟಿ ಎಸೆದಳು. ಪೂರ್ವ ಜರ್ಮನಿಯ ಪೆಟ್ರಾ ಫೆಲ್ಕೆಯ ಹೆಸರಿನಲ್ಲಿದ್ದ 75.40 ಮೀಟರ್‌ಗಳ ವಿಶ್ವದಾಖಲೆ ಅಳಿಸಿಹೋಯಿತು. ಎಸೆತದ ಸ್ಪರ್ಧೆಗಳಲ್ಲಿ ಬ್ರಿಟನ್ನಿನ ಕ್ರೀಡಾಪಟುವೊಬ್ಬರು ವಿಶ್ವದಾಖಲೆ ಬರೆದದ್ದು ಅದೇ ಮೊದಲು.

ಹೆಸರು ಫಾತಿಮಾ ಎಂದ ಮಾತ್ರಕ್ಕೆ ಆಕೆ ನಮ್ಮವಳೆಂದು ಹೇಳಿಕೊಂಡು ಹೆಮ್ಮೆಪಡಲು ನಾವು ಹೊರಟಿಲ್ಲ. ಇತರರ ಸಾಧನೆಗೆ ನಮ್ಮ ಚೀಟಿ ಅಂಟಿಸಿ ತೃಪ್ತರಾಗುವ ಚಾಳಿ ನಮ್ಮಲ್ಲಿ ಈಗಾಗಲೇ ಸಾಕಷ್ಟಿದೆ. ತೊರೆಯಲ್ಪಟ್ಟ ಆ ಕೂಸು ಜಗತ್ತಿನ ಅಗ್ರ ಕ್ರೀಡಾಪಟುವಾದದ್ದು ಹೇಗೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಏಕೆಂದರೆ ಅಂಥ ಮಕ್ಕಳು ನಮ್ಮ ನಡುವೆಯೂ ಇದ್ದಾರೆ.

ಆಸ್ಪತ್ರೆಯಿಂದ ಹೊರಬಂದ ಫಾತಿಮಾಳ ಬಾಲ್ಯವೆಲ್ಲ ಮಕ್ಕಳ ಪಾಲನಾ ಗೃಹಗಳಲ್ಲಿಯೇ ಕಳೆಯಿತು. ಅಲ್ಲಿ ಅನ್ನ, ಬಟ್ಟೆ, ಹಾಸಿಗೆ ಎಲ್ಲವೂ ಇತ್ತು. ತನ್ನವರೆನ್ನುವವರು ಮಾತ್ರ ಇರಲಿಲ್ಲ. ಹೆತ್ತವಳ ಮನೆಗೆ ಹೋದಾಗಲೂ ಆಕೆಗೆ ರಕ್ಷಣೆ ದೊರೆಯಲಿಲ್ಲ. ಈಟಿ ಎಸೆತ ಕಲಿಯುವ ಹಂಬಲದಿಂದ ಕ್ರೀಡಾಂಗಣಕ್ಕೆ ಹೋದಾಗ ತರಬೇತುಗಾರ್ತಿ ಮಾರ್ಗರೆಟ್ ವಿಟ್‌ಬ್ರೆಡ್ ಆಕೆಯ ಬದುಕಿನೊಳಗೆ ಬಂದರು. ಈ ಹುಡುಗಿಯ ತೋಳಿನಲ್ಲಿ ಬಲವಿದೆ ಎಂಬುದನ್ನು ಆ ಮಹಿಳೆ ಗುರುತಿಸಿದರು. ಆಕೆಗೆ ಮರಳಿ ಹೋಗಲು ಒಂದು ಮನೆಯಿಲ್ಲ ಎಂಬುದೂ ಅವರಿಗೆ ತಿಳಿಯಿತು. ಸ್ವಂತ ಗಂಡುಮಕ್ಕಳಿದ್ದ ಆ ಕುಟುಂಬ 14ರ ಹರೆಯದ ಫಾತಿಮಾಳನ್ನು ತನ್ನದಾಗಿಸಿಕೊಂಡಿತು. ಒಬ್ಬಳೇ ಮಹಿಳೆ ಆಕೆಗೆ ತಾಯಿಯೂ ಆದರು, ಗುರುವೂ ಆದರು.

ಆ ಬಳಿಕದ ಹಾದಿಯೇನೂ ಹೂವಿನ ಹಾಸಿಗೆಯಾಗಿರಲಿಲ್ಲ. 1979ರಲ್ಲಿ ಯುರೋಪಿಯನ್ ಜೂನಿಯರ್ ಪ್ರಶಸ್ತಿ ಬಂತು. ಮರುವರ್ಷದ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಅಂತಿಮ ಸುತ್ತನ್ನು ತಲುಪಲೂ ಆಗಲಿಲ್ಲ. 1983ರಲ್ಲಿ ಹೆಲ್ಸಿಂಕಿಯಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆರಂಭದಿಂದಲೂ ಮುಂದಿದ್ದ ಆಕೆಯನ್ನು ಆತಿಥೇಯ ಫಿನ್ಲೆಂಡಿನ ಟೀನಾ ಲಿಲ್ಲಾಕ್ ಕಟ್ಟಕಡೆಯ ಎಸೆತದಲ್ಲಿ ಹಿಂದಿಕ್ಕಿದಳು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸ್ವದೇಶದ ಟೆಸ್ಸಾ ಸ್ಯಾಂಡರ್ಸನ್ ಚಿನ್ನ ಗೆದ್ದಾಗ ಫಾತಿಮಾಳಿಗೆ ದಕ್ಕಿದ್ದು ಕಂಚು. 1986ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿಯೂ ಅದೇ ಸ್ಯಾಂಡರ್ಸನ್‌ಳ ಎದುರು ಬೆಳ್ಳಿಗೆ ತೃಪ್ತಿಪಡಬೇಕಾಯಿತು. ಅದೇ ಬೇಸಿಗೆಯಲ್ಲಿ ಸ್ಟುಟ್‌ಗಾರ್ಟ್‌ನ ವಿಶ್ವದಾಖಲೆ ಮತ್ತು ಚಿನ್ನ ಒಲಿದುಬಂದವು. 1987ರಲ್ಲಿ ರೋಮ್‌ನಲ್ಲಿ 76.64 ಮೀಟರ್ ಎಸೆದು ವಿಶ್ವ ಚಾಂಪಿಯನ್ ಆದಳು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಳು. ಮುಂದೆ ಭುಜದ ಗಾಯ ಆಕೆಯ ಕ್ರೀಡಾಜೀವನವನ್ನು ಮುಗಿಸಿತು. ಸೋತು ಮನೆಗೆ ಮರಳಿದಾಗಲೆಲ್ಲ ಬಾಗಿಲು ತೆರೆಯುವವರೊಬ್ಬರು ಇದ್ದುದರಿಂದಲೇ ಮತ್ತೆ ಎದ್ದು ನಿಲ್ಲುವುದು ಆಕೆಗೆ ಸಾಧ್ಯವಾಯಿತೆಂದು ನಾವು ಭಾವಿಸುತ್ತೇವೆ. ನಿವೃತ್ತಿಯ ಬಳಿಕ ಆಕೆ ಪಾಲನಾ ಗೃಹಗಳ ಮಕ್ಕಳ ಪರವಾಗಿ ದನಿಯೆತ್ತಿದಳು. 2023ರಲ್ಲಿ ಬಿಬಿಸಿ ಆಕೆಗೆ ಹೆಲೆನ್ ರಾಲಸನ್ ಪ್ರಶಸ್ತಿ ನೀಡಿ ಗೌರವಿಸಿತು.

ಈಗ ನಮ್ಮ ಕಡೆಗೆ ನೋಡೋಣ. ತೊರೆಯಲ್ಪಟ್ಟು ಸಿಕ್ಕಿದ ಮಗುವಿಗೆ ಫಿಕ್‌ಹ್ ಗ್ರಂಥಗಳು 'ಲಕೀತ್' ಎನ್ನುತ್ತವೆ. ಅದಕ್ಕಾಗಿ ಪ್ರತ್ಯೇಕ ಅಧ್ಯಾಯವೇ ಇದೆ. ಮಗುವಿನ ಪ್ರಾಣಕ್ಕೆ ಅಪಾಯವಿರುವಾಗ ಅದನ್ನು ಎತ್ತಿಕೊಳ್ಳುವುದು ಕಂಡವನ ಮೇಲೆ ಕಡ್ಡಾಯ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಓದುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಅನಾಥನನ್ನು ಗದರಿ ದೂಡುವವನನ್ನು ಪವಿತ್ರ ಕುರ್‌ಆನ್ ಧರ್ಮವನ್ನೇ ನಿರಾಕರಿಸುವವರ ಸಾಲಿಗೆ ಸೇರಿಸಿದೆ. ಅಷ್ಟೇ ಅಲ್ಲ, ಅನಾಥರು ಪ್ರಾಯಕ್ಕೆ ಬರುವ ತನಕ ಅವರ ಸಾಮರ್ಥ್ಯವನ್ನು ಪರೀಕ್ಷಿಸುತ್ತಿರಬೇಕೆಂದು ಅನ್ನಿಸಾ ಅಧ್ಯಾಯ ಆದೇಶಿಸುತ್ತದೆ. ಅವರ ಆಸ್ತಿಯನ್ನು ಅವರ ಕೈಗೊಪ್ಪಿಸುವ ಸಂದರ್ಭದಲ್ಲಿ ಬಂದ ಆದೇಶವದು. ಮಗುವಿನಲ್ಲಿರುವ ಪ್ರತಿಭೆಯೂ ಆಸ್ತಿಯೇ ಅಲ್ಲವೇ? ಅದು ಏನೆಂದು ತಿಳಿದುಕೊಳ್ಳದೆ ಆ ಮಗುವಿಗೇ ಅದನ್ನು ಒಪ್ಪಿಸುವುದಾದರೂ ಹೇಗೆ?

ನಮ್ಮ ಸಮುದಾಯಕ್ಕೆ ಅನಾಥರ ಬಗ್ಗೆ ಕಾಳಜಿಯಿಲ್ಲವೆಂದರೆ ಅನ್ಯಾಯವಾದೀತು. ರಮಝಾನ್ ಬಂತೆಂದರೆ ಯತೀಮ್‌ಖಾನೆಗಳಿಗೆ ಕೈಬಿಚ್ಚಿ ಕೊಡುವವರು ನಾವು. ಆದರೆ ರಶೀದಿ ಪಡೆದ ಬಳಿಕ ಆ ಮಗು ಏನಾಯಿತೆಂದು ವಿಚಾರಿಸುವವರು ಎಷ್ಟು ಮಂದಿ? ಮಕ್ಕಳ ಭಾವಚಿತ್ರಗಳನ್ನು ಭಿತ್ತಿಪತ್ರಗಳಲ್ಲಿ ಹಾಕುತ್ತೇವೆ. ದಾನಿಗಳು ಬಂದಾಗ ಅವರನ್ನು ಸಾಲಾಗಿ ನಿಲ್ಲಿಸುತ್ತೇವೆ, ವೇದಿಕೆಗೆ ಕರೆದು ಬಟ್ಟೆ ಹಂಚುತ್ತೇವೆ. ನಮ್ಮ ಸ್ವಂತ ಮಗುವನ್ನು ಹೀಗೆ ನಿಲ್ಲಿಸಲು ಒಪ್ಪುತ್ತೇವೆಯೇ? ಇನ್ನು ಹೆಣ್ಣು ಮಗುವಾದರೆ, ಮದುವೆ ಮಾಡಿಕೊಟ್ಟಲ್ಲಿಗೆ ನಮ್ಮ ಹೊಣೆ ಮುಗಿಯಿತು ಎಂದುಕೊಳ್ಳುತ್ತೇವೆ. ಆಕೆ ಗಣಿತದಲ್ಲಿ ಮುಂದಿದ್ದಳೇ, ಓಟದಲ್ಲಿ ಚುರುಕಾಗಿದ್ದಳೇ ಎಂಬುದು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ ಎಂಬುದು ನಮಗೆ ಗೊತ್ತು. ಮೊದಲನೆಯದು ಕ್ರೀಡಾ ಉಡುಪಿನದು. ಮಹಿಳಾ ಕ್ರೀಡಾಪಟುವಿನ ಮಾತೆತ್ತಿದೊಡನೆ ನಮ್ಮ ಚರ್ಚೆ ಉಡುಪಿನಿಂದ ಆರಂಭವಾಗಿ ಉಡುಪಿನಲ್ಲೇ ಮುಗಿಯುತ್ತದೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಇಬ್ತಿಹಾಜ್ ಮುಹಮ್ಮದ್ ಹಿಜಾಬ್ ಧರಿಸಿಯೇ ಕತ್ತಿವರಸೆಯಲ್ಲಿ ಕಂಚು ಗೆದ್ದಿದ್ದಾಳೆ. ದಾರಿ ಹುಡುಕುವ ಮನಸ್ಸಿದ್ದವರಿಗೆ ದಾರಿ ಸಿಗುತ್ತದೆ.

ಎರಡನೆಯದು ಹೆಚ್ಚು ಗಂಭೀರವಾದುದು. ದತ್ತು ಪಡೆದು ಮಗುವಿನ ವಂಶನಾಮವನ್ನೇ ಬದಲಿಸುವುದನ್ನು ಇಸ್ಲಾಮ್ ಒಪ್ಪುವುದಿಲ್ಲ. ಹೌದು, ಒಪ್ಪುವುದಿಲ್ಲ. ಮಗು ತನ್ನ ತಂದೆಯ ಹೆಸರಿನಿಂದಲೇ ಕರೆಯಲ್ಪಡಬೇಕು. ಆದರೆ ಇಸ್ಲಾಮ್ ತಡೆದದ್ದು ಗುರುತನ್ನು ಅಳಿಸುವುದನ್ನು. ಮನೆಗೆ ಕರೆತಂದು, ಮಡಿಲಲ್ಲಿಟ್ಟು ಸಾಕುವುದನ್ನು ಅದು ತಡೆದಿಲ್ಲ. ಆ ಪೋಷಣೆಯ ಹೆಸರೇ ಕಫಾಲತ್. ಅನಾಥನನ್ನು ಪೋಷಿಸುವವನು ಸ್ವರ್ಗದಲ್ಲಿ ತನ್ನ ಸಮೀಪದಲ್ಲಿರುವನೆಂದು ಪ್ರವಾದಿ(ಸ)ರು ಎರಡು ಬೆರಳುಗಳನ್ನು ತೋರಿಸಿ ಹೇಳಿದ್ದು ಅದನ್ನೇ. ಅಂತಹ ಮಗುವಿಗೆ ವಾರೀಸು ಹಕ್ಕಿಲ್ಲದಿದ್ದರೂ ಆಸ್ತಿಯ ಮೂರನೇ ಒಂದಂಶದ ತನಕ ವಸಿಯ್ಯತ್ ಮಾಡುವ ಅವಕಾಶವಿದೆ. ಸ್ವತಃ ಪ್ರವಾದಿವರ್ಯರು(ಸ) ಅನಾಥರಾಗಿ, ಅಜ್ಜನ ಮತ್ತು ದೊಡ್ಡಪ್ಪನ ಮನೆಯಲ್ಲಿ ಬೆಳೆದವರು ಎಂಬುದನ್ನು ನಾವು ಮರೆಯಬಾರದು.

ದೇಶದ ಕಾನೂನು ಕೂಡ ಇದಕ್ಕೆ ಅಡ್ಡಿಯಾಗಿಲ್ಲ. 2014ರಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್, ಬಾಲನ್ಯಾಯ ಕಾಯಿದೆಯಡಿ ದತ್ತು ಪಡೆಯುವ ಅವಕಾಶ ಎಲ್ಲ ಧರ್ಮೀಯರಿಗೂ ಇದೆಯೆಂದೂ ಅದು ಯಾರ ಮೇಲೂ ಕಡ್ಡಾಯವಲ್ಲವೆಂದೂ ಹೇಳಿತು. 2015ರ ಬಾಲನ್ಯಾಯ ಕಾಯಿದೆ, ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ದಾರಿಯಾಗಬೇಕೆಂದು ತಿಳಿಸಿ, ದತ್ತು ಇಲ್ಲದೆಯೇ ಕುಟುಂಬದಲ್ಲಿ ಬೆಳೆಸುವ ಪೋಷಕತ್ವಕ್ಕೂ ಅವಕಾಶ ಕಲ್ಪಿಸಿದೆ. ಇದು ಕಫಾಲತ್‌ಗೆ ಬಹಳ ಹತ್ತಿರವಾದ ವ್ಯವಸ್ಥೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಇದು ನಡೆಯುತ್ತದೆ. ನಮ್ಮ ಜುಮಾ ಖುತ್ಬಾಗಳಲ್ಲಿ ಈ ವಿಷಯ ಎಂದಾದರೂ ಪ್ರಸ್ತಾಪವಾಗಿದೆಯೇ?

ಆದ್ದರಿಂದ ನಮ್ಮ ಸಲಹೆ ಸರಳವಾದುದು. ಪ್ರತಿಯೊಂದು ಜಮಾಅತ್ ತನ್ನ ವ್ಯಾಪ್ತಿಯ ಅನಾಥ ಮಕ್ಕಳ ಪಟ್ಟಿ ಮಾಡಲಿ. ಬಂಧುಗಳ ಮನೆಯಲ್ಲಿ ಬೆಳೆಯಬಲ್ಲ ಮಗುವಿಗೆ ಅಲ್ಲಿಯೇ ನೆರವು ತಲುಪಲಿ. ಯತೀಮ್‌ಖಾನೆಗಳಲ್ಲಿರುವ ಪ್ರತಿ ಮಗುವಿಗೆ, ವಿಶೇಷವಾಗಿ ಹೆಣ್ಣು ಮಗುವಿಗೆ, ವರ್ಷಕ್ಕೊಮ್ಮೆ ಬಟ್ಟೆ ಕೊಡುವ ದಾನಿಗಿಂತ ವಾರಕ್ಕೊಮ್ಮೆ ಬಂದು ಮಾತನಾಡಿಸುವ ಒಂದು ಕುಟುಂಬವನ್ನು ಗೊತ್ತುಪಡಿಸಲಿ. ಆ ಮಗುವಿಗೆ ಯಾವುದರಲ್ಲಿ ಆಸಕ್ತಿಯಿದೆ ಎಂಬುದು ಅವರಿಗೆ ತಿಳಿದಿರಲಿ.

ಲಂಡನಿನ ಆ ಕೂಸು ಬದುಕಿದ್ದು ಅಳು ಕೇಳಿದವರು ಸುಮ್ಮನಿರಲಿಲ್ಲ ಎಂಬ ಕಾರಣಕ್ಕೆ. ಅದು ಬೆಳೆದದ್ದು ಒಬ್ಬ ಮಹಿಳೆ ಅದನ್ನು ಮನೆಗೆ ಕರೆದೊಯ್ದಳು ಎಂಬ ಕಾರಣಕ್ಕೆ. ಅವರು ಯಾರೂ ಅನ್ನಿಸಾ ಅಧ್ಯಾಯವನ್ನು ಕಂಠಪಾಠ ಮಾಡಿದವರಾಗಿರಲಿಲ್ಲ. ಅದನ್ನು ಕಂಠಪಾಠ ಮಾಡಿದ ನಾವು ನಾಳೆ ಅಲ್ಲಾಹನ ಮುಂದೆ ಏನೆಂದು ಉತ್ತರಿಸುವೆವು?