ಮನೆಮಂದಿಯ ಪುಸ್ತಕ: ಒಂದು ದ್ವೀಪದ ಕಾಗದಗಳು



1999ನೆಯ ಇಸವಿಯಲ್ಲಿ ಕಾರ್ಗಿಲ್ ಯುದ್ಧವು ನಡೆಯುತ್ತಿದ್ದಾಗ ನಾವು ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಉಪಾಧ್ಯಾಯರಾಗಿದ್ದೆವು. ಸೈನ್ಯದಲ್ಲಿದ್ದ ಮಗನಿಂದ ಕಾಗದ ಬಂದಾಗಲೆಲ್ಲ ಓದುಬರಹ ತಿಳಿಯದ ತಾಯಿಯೊಬ್ಬಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಜಗಲಿಗೆ ಬರುವಳು. ಕ್ಷೇಮಸಮಾಚಾರದ ನಾಲ್ಕು ಸಾಲುಗಳನ್ನು ನಾವು ಎರಡೆರಡು ಸಲ ಓದಿ ಹೇಳಿದ ಮೇಲೆ ಆಕೆ, “ಚೆನ್ನಾಗಿವ್ನಿ ಅಂತ ಬರ್ದವ್ನೆ, ಸರಿ. ಬರೀದೆ ಬುಟ್ಟಿರೋದು ಏನು ಮೇಷ್ಟ್ರೇ?” ಎಂದು ಕೇಳುವಳು. ದೈವಕೃಪೆಯಿಂದ ಮಗನು ಸುಖವಾಗಿ ಹಿಂದಿರುಗಿದನು. ಆ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಮಾತನ್ನು ನಮಗೆ ಮತ್ತೆ ನೆನಪಿಗೆ ತಂದ ಇಂಗ್ಲಿಷ್ ಕಾದಂಬರಿಯೊಂದನ್ನು ಈ ತಿಂಗಳು ಶಿಫಾರಸು ಮಾಡುತ್ತೇವೆ. ಅದರ ಹೆಸರು ‘ದಿ ಗರ್ನ್ಸಿ ಲಿಟರರಿ ಅಂಡ್ ಪೊಟೇಟೊ ಪೀಲ್ ಪೈ ಸೊಸೈಟಿ’. ಹೆಸರು ಉದ್ದವಾದರೂ ಗ್ರಂಥವು ದೊಡ್ಡದಲ್ಲ. ಇದನ್ನು ಬರೆಯತೊಡಗಿದ ಮೇರಿ ಆನ್ ಶಾಫರ್ ಎಂಬಾಕೆ ಅಸ್ವಸ್ಥಳಾಗಲು, ಆಕೆಯ ಸೋದರಿಯ ಮಗಳಾದ ಆನಿ ಬ್ಯಾರೋಸ್ ಅದನ್ನು ಪೂರ್ತಿಗೊಳಿಸಿದಳು. 2008ರಲ್ಲಿ ಪುಸ್ತಕವು ಹೊರಬಂದಿತು. ಅದಕ್ಕೆ ಕೆಲವೇ ತಿಂಗಳು ಮೊದಲು ಶಾಫರ್ ತೀರಿಕೊಂಡಿದ್ದಳು.

ಕಥೆಯೆಲ್ಲವೂ ಕಾಗದಗಳಲ್ಲಿಯೇ ನಡೆಯುತ್ತದೆ. ಕಾಲವು 1946. ಲಂಡನ್ನಿನ ಲೇಖಕಿ ಜೂಲಿಯಟ್ ಹಿಂದೆ ಮಾರಿಬಿಟ್ಟಿದ್ದ ಚಾರಲ್ಸ್ ಲ್ಯಾಂಬನ ಪ್ರಬಂಧಗಳ ಪ್ರತಿಯೊಂದು, ಫ್ರಾನ್ಸಿನ ಕರಾವಳಿಗೆ ಸಮೀಪವಾದ ಗರ್ನ್ಸಿ ದ್ವೀಪದ ಡಾಸಿ ಎಂಬವನ ಕೈಸೇರಿರುತ್ತದೆ. ಅದರಲ್ಲಿದ್ದ ವಿಳಾಸವನ್ನು ನೋಡಿ ಆತನು ಆಕೆಗೆ ಕಾಗದ ಬರೆಯುವನು. ಆ ದ್ವೀಪವು 1940ರ ಜೂನ್ 30ರಿಂದ 1945ರ ಮೇ 9ರವರೆಗೆ ಜರ್ಮನರ ವಶದಲ್ಲಿದ್ದಿತು. ಒಂದು ರಾತ್ರಿ ಕೆಲವರು ಬಚ್ಚಿಟ್ಟಿದ್ದ ಹಂದಿಯನ್ನು ಅಡಿಗೆಮಾಡಿ ಉಂಡು, ನಿಷೇಧದ ವೇಳೆಯಲ್ಲಿ ಹಿಂದಿರುಗುವಾಗ ಕಾವಲುಗಾರರ ಕೈಗೆ ಸಿಕ್ಕುವರು. ಎಲಿಜಬೆತ್ ಎಂಬ ತರುಣಿಯು ಒಡನೆಯೇ, “ನಮ್ಮದು ಸಾಹಿತ್ಯಸಂಘ” ಎಂದು ಸುಳ್ಳು ಹೇಳುವಳು. ಆ ಸುಳ್ಳನ್ನು ನಿಜಮಾಡಲು ಅವರು ಪುಸ್ತಕಗಳನ್ನು ಓದತೊಡಗುವರು. ಜಗಲಿಯಲ್ಲಿ ಕುಮಾರವ್ಯಾಸಭಾರತವನ್ನು ಓದಿಸಿ ಕೇಳುತ್ತಿದ್ದ ನಮ್ಮ ರೈತರನ್ನು ಬಲ್ಲವರಿಗೆ ಈ ಸಂಘವು ಹೊಸದೆನಿಸದು. ಹಿಟ್ಟು ಬೆಣ್ಣೆಗಳಿಲ್ಲದ ಕಾಲದಲ್ಲಿ ಆಲೂಗೆಡ್ಡೆಯ ಸಿಪ್ಪೆಯಿಂದ ಮಾಡಿದ ಭಕ್ಷ್ಯವೇ ಹೆಸರಿನ ಉಳಿದರ್ಧಕ್ಕೆ ಕಾರಣ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ನಮ್ಮ ವಾಚಕರು ಇದನ್ನು ಪರರ ಕಥೆಯೆಂದು ತಳ್ಳಿಹಾಕಬೇಕಾಗಿಲ್ಲ. ಶ್ರೀರಂಗಪಟ್ಟಣವೂ ದ್ವೀಪವೇ, 1799ರ ಮೇ 4ರಂದು ಅದು ಶತ್ರುವಶವಾಯಿತು. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದುದು ಅಲ್ಲಿ ಬಿಡಾರಮಾಡಿದ್ದ ಫ್ರೆಂಚ್ ದಂಡಿನಿಂದ. 1792ರ ಒಪ್ಪಂದದಂತೆ ಟಿಪ್ಪು ಸುಲ್ತಾನನ ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾಗಿ ಮದರಾಸಿಗೆ ಹೋಗಿ, 1794ರಲ್ಲಿ ಹಿಂದಿರುಗಿದರು. ಗರ್ನ್ಸಿಯಿಂದಲೂ 1940ರಲ್ಲಿ ಸುಮಾರು 5,000 ಶಾಲಾಮಕ್ಕಳನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳುಹಿಸಿದರು. ಆಮೇಲೆ ಹೆತ್ತವರಿಗೂ ಮಕ್ಕಳಿಗೂ ನಡುವೆ ರೆಡ್ ಕ್ರಾಸಿನ ಮೂಲಕ ಹೋಗಿಬಂದ ಸಂದೇಶಗಳಿಗೆ 25 ಪದಗಳ ಮಿತಿಯಿದ್ದಿತು. ಐದು ವರ್ಷದ ಅಗಲಿಕೆಗೆ 25 ಪದ! ಬರೆಯದೆ ಬಿಟ್ಟುದೇ ಬರೆದುದಕ್ಕಿಂತ ಹೆಚ್ಚಾಗಿದ್ದಿರಬೇಕು.

ಈ ಗ್ರಂಥದ ಮರ್ಮವೂ ಅದೇ. ಸಂಘದವರ ಪ್ರಾಣದಂತಿದ್ದ ಎಲಿಜಬೆತ್, ಕೂಲಿಯಾಳಾಗಿ ತರಲ್ಪಟ್ಟಿದ್ದ ಹುಡುಗನೊಬ್ಬನಿಗೆ ಆಶ್ರಯಕೊಟ್ಟುದಕ್ಕಾಗಿ ಸೆರೆಯಾಗಿ ದೂರದೇಶಕ್ಕೆ ಒಯ್ಯಲ್ಪಟ್ಟಿರುವಳು. ಆಕೆಯ ಪುಟ್ಟ ಮಗಳನ್ನು ಇವರೆಲ್ಲರೂ ಸೇರಿ ಸಾಕುತ್ತಿರುವರು. ಕಥೆಗೆ ನಾಯಿಕೆ ಆಕೆಯೇ. ಆದರೆ ಆಕೆ ಬರೆದ ಕಾಗದವೊಂದೂ ಇಲ್ಲ. ಒಬ್ಬನು ಆಕೆಯ ನಗೆಯನ್ನು ಬರೆಯುವನು, ಇನ್ನೊಬ್ಬಳು ಆಕೆಯ ಹಟವನ್ನು. ಎಲ್ಲರೂ ಆಕೆಯ ದಾರಿ ನೋಡುತ್ತಿರುವಾಗ ಫ್ರಾನ್ಸಿನಿಂದ ಒಂದು ಕಾಗದ ಬರುತ್ತದೆ. ಅದರಲ್ಲೇನಿದೆಯೆಂಬುದನ್ನು ವಾಚಕರೇ ಓದಿಕೊಳ್ಳತಕ್ಕದ್ದು. ಎದುರಿಗೆ ಕುಳಿತು ಆಡಲಾರದ ದುಃಖವನ್ನು, ಮುಖ ಕಾಣದವರಿಗೆ ಕಾಗದದಲ್ಲಿ ಬರೆಯಬಹುದೆಂಬುದು ಇಲ್ಲಿ ಮನಸ್ಸಿಗೆ ನಾಟುತ್ತದೆ.

ಕರುಣಕ್ಕೆ ಹಾಸ್ಯವೂ ಶೃಂಗಾರವೂ ವಿರೋಧಿರಸಗಳೆಂದು ‘ಸಾಹಿತ್ಯದರ್ಪಣ’ದಲ್ಲಿ ನಾವು ಓದಿದವರು. ಇಲ್ಲಿ ಮೂರೂ ಒಂದೇ ಪಂಕ್ತಿಯಲ್ಲಿ ಕುಳಿತಿರುವುವು. ಸಾವಿನ ಮನೆಯಲ್ಲಿ ಹನ್ನೊಂದನೆಯ ದಿನ ಸತ್ತವರ ಚೇಷ್ಟೆಯನ್ನು ನೆನೆದು ಯಾರೋ ನಕ್ಕು, ಆ ನಗುವಿನಲ್ಲಿಯೇ ಎಲ್ಲರೂ ಅತ್ತುಬಿಡುವುದನ್ನು ಕಂಡವರು ಶಾಸ್ತ್ರದ ಮಾತನ್ನು ತುಸು ಸಡಿಲಿಸಿಯಾರು. ದೋಷಗಳೂ ಇಲ್ಲದಿಲ್ಲ. ದ್ವೀಪದವರಲ್ಲಿ ಬಹುಮಂದಿ ಬೇಕಾದುದಕ್ಕಿಂತ ಒಳ್ಳೆಯವರು; ಮುಕ್ತಾಯವೂ ಮದುವೆಯ ಊಟದಂತೆ ಕೊಂಚ ಸಿಹಿಯಾಯಿತು. ಆದರೂ ಮನೆಯಲ್ಲಿ ಎಲ್ಲರೂ ಕೇಳಬಹುದಾದ ಗ್ರಂಥ.

ಇಂಗ್ಲಿಷ್ ಬಲ್ಲ ಮಗಳೋ ಸೊಸೆಯೋ ರಾತ್ರಿ ಊಟವಾದ ಮೇಲೆ ದಿನಕ್ಕೆರಡು ಕಾಗದಗಳನ್ನು ಓದಿ ಕನ್ನಡದಲ್ಲಿ ಹೇಳಲಿ. ಹಿರಿಯರು ಕೇಳಲಿ. ಮುಗಿದ ತರುವಾಯ, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಕಾಗದಗಳ ಕಟ್ಟೇನಾದರೂ ಇದ್ದರೆ ಕೆಳಗಿಳಿಸಿ ಬಿಚ್ಚಿ ನೋಡಿರಿ, ರದ್ದಿಗೆ ಹಾಕಬೇಡಿರಿ. ಅವುಗಳಲ್ಲಿ ಬರೆಯದೆ ಬಿಟ್ಟುದನ್ನು ಹೇಳಬಲ್ಲ ಅಜ್ಜಿಯೊಬ್ಬಳು ಮನೆಯಲ್ಲಿ ಇನ್ನೂ ಇದ್ದರೆ, ಇಂದೇ ಕೇಳಿರಿ.