ಗುಲಾಬಿ ಹೂವಿನಿಂದ ಗೊಂಬೆ ಮುಖದವರೆಗೆ

2004ರ ಜನವರಿಯಲ್ಲಿ ಶುರುವಾದ ಆರ್ಕುಟ್ ಎಂಬ ಜಾಲತಾಣ ನಮ್ಮ ಊರುಗಳನ್ನು ಮುಟ್ಟಲು ಒಂದೆರಡು ವರ್ಷ ಹಿಡಿಯಿತು. ಅದು ಕೇಳುತ್ತಿದ್ದುದು ಹೆಚ್ಚೇನಲ್ಲ: ಒಂದು ಹೆಸರು, ಒಂದು ಚಿತ್ರ, ತನ್ನ ಬಗ್ಗೆ ನಾಲ್ಕು ಸಾಲು. ಆ ಚಿತ್ರವನ್ನು ಎಲ್ಲಿಂದ ತರುವುದು ಎಂಬುದೇ ಆಗ ದೊಡ್ಡ ಪ್ರಶ್ನೆ. ಮೊಬೈಲಿನಲ್ಲಿ ಕ್ಯಾಮೆರಾ ಇದ್ದವರು ಕಡಿಮೆ. ಪರೀಕ್ಷೆಯ ಅರ್ಜಿಗೆಂದು ತೆಗೆಸಿದ ಪಾಸ್‌ಪೋರ್ಟ್ ಅಳತೆಯ ಫೋಟೊವನ್ನು ಸೈಬರ್ ಕೆಫೆಯಲ್ಲಿ ಸ್ಕ್ಯಾನ್ ಮಾಡಿಸಿ ಹಾಕಿದವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅದೂ ಆಗದವರು ಶಂಕರ್‌ನಾಗ್ ಅವರನ್ನೋ, ಬ್ಯಾಟು ಹಿಡಿದ ರಾಹುಲ್ ದ್ರಾವಿಡ್‌ರನ್ನೋ, ಜೋಗದ ಜಲಪಾತವನ್ನೋ, ಬೇಲೂರಿನ ಶಿಲಾಬಾಲಿಕೆಯನ್ನೋ ತಮ್ಮ ಹೆಸರಿನ ಪಕ್ಕ ಕೂರಿಸಿದರು. ಎರವಲು ಮುಖ ಎಂದು ಹಿರಿಯರು ಮೂಗು ಮುರಿದರು. ಇಷ್ಟು ವರ್ಷಗಳ ಮೇಲೆ ತಿರುಗಿ ನೋಡಿದರೆ ಆ ಎರವಲಿನಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ. ಯಾರನ್ನು ಮೆಚ್ಚುತ್ತೇನೆ, ಯಾವ ನೆಲದವನು, ಯಾವುದನ್ನು ಕಂಡರೆ ಎದೆ ತುಂಬುತ್ತದೆ ಎಂಬುದನ್ನು ಅದು ನೇರವಾಗಿ ಹೇಳುತ್ತಿತ್ತು. ಸಾಧನಗಳು ಬಡವಾಗಿದ್ದವು, ಆಯ್ಕೆ ಪೂರ್ತಿ ನಮ್ಮದಾಗಿತ್ತು.

ಅದೇ 2004ರಲ್ಲಿ ಯಾಹೂ ಮೆಸೆಂಜರ್ ತನ್ನ ಬಳಕೆದಾರರ ಕೈಗೆ ಒಂದು ಗೊಂಬೆಯನ್ನು ಕೊಟ್ಟಿತು. ಅದರ ಕೂದಲು ಆರಿಸಬಹುದು, ಅಂಗಿ ಬದಲಿಸಬಹುದು, ಹಿಂದುಗಡೆಯ ನೋಟವನ್ನೂ ಬದಲಿಸಬಹುದು. ನಮ್ಮಲ್ಲಿ ಇದು ಮಕ್ಕಳಾಟವಾಗಿ ಕಂಡಾಗ ಪೂರ್ವ ಏಷ್ಯಾದಲ್ಲಿ ಅದಾಗಲೇ ವ್ಯಾಪಾರವಾಗಿತ್ತು. ದಕ್ಷಿಣ ಕೊರಿಯಾದ ಜಾಲತಾಣ ಸೈವರ್ಲ್ಡ್‌ನಲ್ಲಿ ಯುವಜನರು ತಮ್ಮ ಪುಟ್ಟ ಪ್ರತಿರೂಪವನ್ನೂ ಅದರ ಕೋಣೆಯನ್ನೂ ದುಡ್ಡು ಕೊಟ್ಟು ಅಲಂಕರಿಸುತ್ತಿದ್ದರು. ಚೀನಾದ ಟೆನ್ಸೆಂಟ್ 2003ರಲ್ಲಿ ಕ್ಯೂಕ್ಯೂ ಶೋ ತೆರೆದು, ಚಿತ್ರದ ಬಟ್ಟೆಯನ್ನು ನಿಜವಾದ ಹಣಕ್ಕೆ ಮಾರತೊಡಗಿತ್ತು. ಅದೇ ವರ್ಷ ಅಮೆರಿಕದ ಲಿಂಡೆನ್ ಲ್ಯಾಬ್ ಸೆಕೆಂಡ್ ಲೈಫ್ ಎಂಬ ಲೋಕವನ್ನು ತೆರೆಯಿತು. ಅಲ್ಲಿ ಎತ್ತರ, ಮೈಬಣ್ಣ, ಲಿಂಗ ಎಲ್ಲವೂ ಬಳಸುವವರ ಇಚ್ಛೆಗೆ ಬಿಟ್ಟದ್ದು. ತೊಡುವ ಬಟ್ಟೆಯನ್ನೂ ಬಳಕೆದಾರರೇ ರೂಪಿಸಿ, ಬೇಕಿದ್ದರೆ ಮಾರಿ ಕಾಸು ಮಾಡಿಕೊಳ್ಳಬಹುದಿತ್ತು. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ನಮ್ಮ ಕೈಗೆ ಬಂದ ಗೊಂಬೆಗಳಲ್ಲಿ ಮೊದಲು ಕಳೆದುಹೋದದ್ದು ಇದೇ ಹಕ್ಕು.

ಹುಟ್ಟಿನಿಂದ ಬಂದ ಮೈಯ ಹಂಗಿಲ್ಲದೆ ಮನುಷ್ಯ ಮನುಷ್ಯನನ್ನು ಕಾಣಬಹುದು ಎಂಬುದು ಆ ದಿನಗಳ ದೊಡ್ಡ ಭರವಸೆ. ಅದು ಪೂರ್ತಿ ಸುಳ್ಳಾಗಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ನಾರ್ವೆಯ ಮಾಟ್ಸ್ ಸ್ಟೇನ್ ಎಂಬ ಯುವಕನಿಗೆ ಡುಶೆನ್ ಎಂಬ ಸ್ನಾಯು ಕ್ಷಯಿಸುವ ಕಾಯಿಲೆ. ಗಾಲಿಕುರ್ಚಿಯಲ್ಲಿ ಕೂತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಆಡುತ್ತಲೇ ಮಗ ಒಂಟಿಯಾಗಿ ಬದುಕಿದ ಎಂದು ತಂದೆ ತಾಯಿ ಕೊರಗಿದ್ದರು. 2014ರಲ್ಲಿ, 25ರ ವಯಸ್ಸಿನಲ್ಲಿ, ಅವನು ತೀರಿಕೊಂಡ ಸುದ್ದಿ ತಿಳಿಸಿದಾಗ ಬೇರೆ ಬೇರೆ ದೇಶಗಳಿಂದ ಇಮೇಲ್‌ಗಳು ಬಂದವು, ಅಂತ್ಯಕ್ರಿಯೆಗೆ ಗೆಳೆಯರೂ ಬಂದರು. ಅವರಿಗೆಲ್ಲ ಅವನು ಇಬೆಲಿನ್ ಎಂಬ ಹೆಸರಿನ ಗಟ್ಟಿ ಮೈಯ ಧೀರ, ಕಷ್ಟಕ್ಕೆ ಕಿವಿಗೊಡುವ ಸಂಗಾತಿ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸೆರೆಬ್ರಲ್ ಪಾಲ್ಸಿ ಇರುವ ಬ್ರಿಟನ್ನಿನ ಸೈಮನ್ ಸ್ಟೀವನ್ಸ್, ಸೆಕೆಂಡ್ ಲೈಫ್‌ನಲ್ಲಿ ಹಾರಾಡುವ ದೇಹವನ್ನೇ ಆರಿಸಬಹುದಾಗಿದ್ದರೂ ಅಲ್ಲಿಯೂ ಗಾಲಿಕುರ್ಚಿಯಲ್ಲೇ ಕೂತರು. ತಮ್ಮಂಥವರಿಗಾಗಿ ಅಲ್ಲೊಂದು ನೈಟ್‌ಕ್ಲಬ್ಬನ್ನೂ ತೆರೆದರು. ಒಬ್ಬರಿಗೆ ಮೈಯನ್ನು ಮರೆಯುವುದು ಬಿಡುಗಡೆ, ಇನ್ನೊಬ್ಬರಿಗೆ ಅದನ್ನು ತಲೆಯೆತ್ತಿ ತೋರಿಸುವುದೇ ಬಿಡುಗಡೆ. ತೊಟ್ಟ ರೂಪ ತೊಟ್ಟವರನ್ನೂ ಬದಲಿಸುತ್ತದೆ ಎಂಬುದನ್ನು ಸ್ಟ್ಯಾನ್‌ಫರ್ಡ್‌ನ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ 2007ರಲ್ಲೇ ತೋರಿಸಿದ್ದರು. ಅವರ ಪ್ರಯೋಗದಲ್ಲಿ ಎತ್ತರದ ರೂಪ ಸಿಕ್ಕವರು ಹಣ ಹಂಚಿಕೊಳ್ಳುವ ಚೌಕಾಸಿಯಲ್ಲಿ ಹೆಚ್ಚು ಬಿಗಿಯಾಗಿ ನಿಂತರು.

ನಮ್ಮ ನಾಡಿನ ಮಟ್ಟಿಗೆ ಈ ಎರಡು ದಶಕಗಳ ನಿಜವಾದ ಕಥೆ ಹೆಂಗಸರದ್ದು. ಗುಲಾಬಿ ಹೂವು, ರಂಗೋಲಿ, ಮನೆದೇವರು, ಅಕ್ಕನ ಮಗು, ಹಿಂದುಗಡೆಯಿಂದ ತೆಗೆದ ಜಡೆಯ ಚಿತ್ರ, ಮೆಹಂದಿ ಹಚ್ಚಿದ ಅಂಗೈ: ವರ್ಷಗಟ್ಟಲೆ ನಮ್ಮ ಅಕ್ಕತಂಗಿಯರ ಮುಖ ಇವೇ ಆಗಿದ್ದವು. ಇದನ್ನು ಸಂಕೋಚ ಎಂದು ಕರೆದವರು ಅದರ ಹಿಂದಿನ ಭಯವನ್ನು ನೋಡಲಿಲ್ಲ. ಫೋಟೊ ಕದ್ದು, ಬೇರೆ ಮೈಗೆ ಅಂಟಿಸಿ, ಊರಿನ ಹುಡುಗರ ಮೊಬೈಲುಗಳಿಗೆ ಹಂಚಿದ ಪ್ರಸಂಗಗಳು ನಾಡಿನ ಹಲವೆಡೆ ನಡೆದಿವೆ. ಕಾಲೇಜು ಬಿಡಿಸಿದ್ದೂ ಉಂಟು, ಗಡಿಬಿಡಿಯಲ್ಲಿ ಮದುವೆ ಮಾಡಿ ಕಳಿಸಿದ್ದೂ ಉಂಟು. ಫೇಸ್‌ಬುಕ್ ಈ ಭಯವನ್ನು ಒಪ್ಪಿಕೊಂಡು, ಪ್ರೊಫೈಲ್ ಚಿತ್ರವನ್ನು ಇಳಿಸಿಕೊಳ್ಳದಂತೆ ತಡೆಯುವ ಕಾವಲನ್ನು ಮೊದಲು ತಂದದ್ದು ಭಾರತದಲ್ಲಿ, 2017ರ ಜೂನ್‌ನಲ್ಲಿ. ಭಾರತದ ಅನೇಕ ಹೆಂಗಸರು ದುರ್ಬಳಕೆಗೆ ಹೆದರಿ ತಮ್ಮ ಮುಖದ ಚಿತ್ರ ಹಾಕುವುದಿಲ್ಲ ಎಂದು ಆ ಕಂಪನಿಯೇ ಆಗ ಹೇಳಿತು. ಗುಲಾಬಿಯ ಹಿಂದಿನ ಭಯಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇದರ ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. 2015ರಲ್ಲಿ ಅಕ್ಷರಗಳ ಜಾಗತಿಕ ಮಾನದಂಡವಾದ ಯೂನಿಕೋಡ್ ಎಮೋಜಿಗಳಿಗೆ 5 ಮೈಬಣ್ಣಗಳನ್ನು ಸೇರಿಸಿತು. 2019ರಲ್ಲಿ ಸೀರೆ, ಆಟೊರಿಕ್ಷಾ, ಹಣತೆ, ಗುಡಿ, ಗಾಲಿಕುರ್ಚಿ, ಶ್ರವಣಸಾಧನದ ಎಮೋಜಿಗಳು ಬಂದವು. 2020ರ ಜೂನ್ ಕೊನೆಗೆ, ಲಾಕ್‌ಡೌನಿನ ದಿನಗಳಲ್ಲಿ, ಫೇಸ್‌ಬುಕ್ಕಿನ ‘ಅವತಾರ್’ ಎಂಬ ಗೊಂಬೆಮುಖಗಳು ಭಾರತಕ್ಕೆ ಬಂದವು. 2022ರ ಡಿಸೆಂಬರಿನಲ್ಲಿ ವಾಟ್ಸ್‌ಆ್ಯಪ್‌ಗೂ ಬಂದವು. ಹೂವಿನ ಹಿಂದೆ ನಿಂತಿದ್ದ ಅದೆಷ್ಟೋ ಹೆಂಗಸರು ಆಗ ಮೊದಲ ಸಲ ಕಣ್ಣು, ಕನ್ನಡಕ, ನಗು ಇರುವ ಒಂದು ರೂಪದಲ್ಲಿ ಕುಟುಂಬದ ಗುಂಪಿನಲ್ಲಿ ಕಾಣಿಸಿಕೊಂಡರು. ಕದ್ದರೂ ಕೇಡಿಲ್ಲದ ಮುಖ ಅದು. ನಿವೃತ್ತ ಮೇಷ್ಟ್ರುಗಳು ಮೊಮ್ಮಕ್ಕಳ ಕೈಯಲ್ಲಿ ತಮ್ಮ ಗೊಂಬೆ ಮಾಡಿಸಿ, ಮೀಸೆ ಸರಿಯಾಗಿದೆಯೋ ಇಲ್ಲವೋ ಎಂದು ಚರ್ಚೆ ಮಾಡಿದರು. ಲೆಕ್ಕದ ಪುಸ್ತಕದಲ್ಲಿ ಇದನ್ನು ಗಳಿಕೆಯ ಕಡೆಗೇ ಬರೆಯಬೇಕು.

ನಷ್ಟ ಎಲ್ಲಿ ಎಂದರೆ, ಈ ಗೊಂಬೆಯ ಪೆಟ್ಟಿಗೆಯಲ್ಲಿ ಏನಿರಬೇಕು ಎಂಬುದನ್ನು ದೂರದ ಕಂಪನಿಯೊಂದು ತೀರ್ಮಾನಿಸುತ್ತದೆ. ಹೂಡಿ, ಜೀನ್ಸು, ಕೋಟು ಬೇಕಾದಷ್ಟು. ಇಳಕಲ್ ಸೀರೆಯ ಕೆಂಪು ಸೆರಗಿಲ್ಲ, ಹಿಂದಕ್ಕೆ ನೆರಿಗೆ ಬರುವಂತೆ ಉಡುವ ಕೊಡಗಿನ ಸೀರೆಯಿಲ್ಲ, ಧಾರವಾಡದ ಕಡೆಯ ರುಮಾಲಿಲ್ಲ. 2021ರ ನವೆಂಬರಿನಲ್ಲಿ ಅಂಕೋಲೆ ತಾಲ್ಲೂಕಿನ ವೃಕ್ಷಪ್ರೇಮಿ ತುಳಸಿ ಗೌಡರು ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದಾಗ ದೇಶ ಆ ಚಿತ್ರವನ್ನು ಹೆಮ್ಮೆಯಿಂದ ಹಂಚಿಕೊಂಡಿತು. ಅದೇ ಉಡುಗೆಯಲ್ಲಿ ತನ್ನ ಗೊಂಬೆಯನ್ನು ನಿಲ್ಲಿಸಬೇಕೆಂದು ಅಂಕೋಲೆಯ ಹುಡುಗಿ ಬಯಸಿದರೆ ಈ ಆ್ಯಪ್‌ಗಳಲ್ಲಿ ಅವಳಿಗೆ ದಾರಿಯಿಲ್ಲ. ಸೆಕೆಂಡ್ ಲೈಫ್‌ನಲ್ಲಿ ಬಳಕೆದಾರರಿಗಿದ್ದ, ತನ್ನ ಬಟ್ಟೆಯನ್ನು ತಾನೇ ಹೊಲಿದುಕೊಳ್ಳುವ ಹಕ್ಕು ಇವಳಿಗಿಲ್ಲ. ಇದು ತಾಂತ್ರಿಕ ಅಡಚಣೆಯಲ್ಲ, ಬೇಕೆಂದು ಮಾಡಿದ ಏರ್ಪಾಡು.

ಒಟ್ಟಾಗಿ ಮುಖ ಬದಲಿಸುವುದನ್ನೂ ನಾವು ಈ ಅವಧಿಯಲ್ಲಿ ಕಲಿತೆವು. ನಟರ ಹುಟ್ಟುಹಬ್ಬಕ್ಕೆ ಅಭಿಮಾನಿಗಳು ಕಾಮನ್ ಡಿಪಿ, ಅಂದರೆ ಎಲ್ಲರೂ ಒಂದೇ ಪ್ರೊಫೈಲ್ ಚಿತ್ರ, ಹಾಕುವುದು ವಾಡಿಕೆಯಾಯಿತು. ನವೆಂಬರ್ 1ಕ್ಕೆ ಹಳದಿ ಕೆಂಪು ಬಾವುಟ ಎಲ್ಲರ ಹೆಸರಿನ ಪಕ್ಕ ಏರಿತು. 2021ರ ಅಕ್ಟೋಬರ್ 29ರಂದು ಅಭಿಮಾನಿಗಳ ಅಪ್ಪು, ನಟ ಪುನೀತ್ ರಾಜ್‌ಕುಮಾರ್ ಅಗಲಿದಾಗ ಮಾತ್ರ ಯಾರೂ ಕರೆ ಕೊಡಬೇಕಾಗಲಿಲ್ಲ. ಸಂಜೆಯಾಗುವಷ್ಟರಲ್ಲಿ ಪರಿಚಯದವರ ಪಟ್ಟಿಯಲ್ಲಿ ಹೆಸರುಗಳು ಬೇರೆ ಬೇರೆ, ಮುಖ ಒಂದೇ. ಆ ವರ್ಷ ರಾಜ್ಯೋತ್ಸವದ ಬಾವುಟ ಇರಬೇಕಾದ ಅದೆಷ್ಟೋ ಜಾಗಗಳಲ್ಲಿ ಅಪ್ಪು ನಗುತ್ತಿದ್ದರು. ಹಳೆಯ ಎರವಲು ಮುಖದ ಪದ್ಧತಿ ಅಂದು ಮರಳಿ ಬಂದಿತ್ತು, ಇನ್ನೂ ಆಳವಾದ ಅರ್ಥದೊಂದಿಗೆ.

ಮಕ್ಕಳ ಪಾಲಿಗೆ ಈ ಚರಿತ್ರೆ ಬೇರೆಯೇ. ಅವರಿಗೆ ರೂಪವೆಂದರೆ ಆಟದ ಪಾತ್ರಕ್ಕೆ ತೊಡಿಸುವ ಸ್ಕಿನ್. ಪಬ್ಜಿಯ ಒಂದು ಪೋಷಾಕಿಗಾಗಿ ಅಪ್ಪನ ಫೋನಿನಿಂದ ಹಣ ಹೋದ ಮನೆಗಳು ಕಡಿಮೆಯಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆ ಆಟವನ್ನು ನಿಷೇಧಿಸಿತು. 2021ರಲ್ಲಿ ಅದು ಬೇರೆ ಹೆಸರಿನಲ್ಲಿ ಬಂತು, 2022ರಲ್ಲಿ ಮತ್ತೆ ನಿಂತಿತು, 2023ರಲ್ಲಿ ಮರಳಿತು. ಹಣ ಕೊಟ್ಟ ಬಟ್ಟೆ ಕೊಂಡವನದಲ್ಲ ಎಂಬುದು ಮಕ್ಕಳಿಗೆ ತಿಳಿದದ್ದು ಹೀಗೆ.

ಈಚಿನ ವರ್ಷಗಳು ಹಳೆಯ ಭಯವನ್ನು ದೊಡ್ಡದಾಗಿ ವಾಪಸು ತಂದಿವೆ. 2023ರ ನವೆಂಬರಿನಲ್ಲಿ ವಿರಾಜಪೇಟೆಯ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ಮೈಗೆ ಕೂಡಿಸಿದ ವಿಡಿಯೊ ಹರಿದಾಡಿತು. ಹೆಸರಾಂತ ನಟಿಗೇ ಹೀಗಾದರೆ ತನ್ನ ಗತಿಯೇನು ಎಂದು ಯೋಚಿಸಿದ ಹೆಣ್ಣುಮಕ್ಕಳು ಮತ್ತೆ ಹೂವಿನ ಚಿತ್ರಕ್ಕೆ ಮರಳಿದರೆ ಆಶ್ಚರ್ಯವಿಲ್ಲ. ಅಷ್ಟರಲ್ಲಿ 2025ರ ಮಾರ್ಚಿನಲ್ಲಿ ಚಾಟ್‌ಜಿಪಿಟಿಯಿಂದ ಎಲ್ಲರೂ ಜಪಾನಿನ ಘಿಬ್ಲಿ ಸ್ಟುಡಿಯೊದ ಶೈಲಿಯ ಕೋಮಲ ಮುಖದವರಾದರು. ಸೆಪ್ಟೆಂಬರಿನಲ್ಲಿ ಗೂಗಲ್‌ನ ಜೆಮಿನಿ ನಮ್ಮ ಹುಡುಗಿಯರಿಗೆ ಸೀರೆಯನ್ನೂ ಉಡಿಸಿತು. ಉಡಿಸಿದ್ದು ಹಳೆಯ ಹಿಂದಿ ಸಿನಿಮಾದ ತೆಳು ಸೀರೆ. ಇವರ ಅಜ್ಜಿಯರು ಉಟ್ಟದ್ದಲ್ಲ. ಇಪ್ಪತ್ತು ವರ್ಷಗಳಲ್ಲಿ ಸಾಧನ ಎಷ್ಟು ಶ್ರೀಮಂತವಾಯಿತೋ ಆಯ್ಕೆ ಅಷ್ಟು ಬೇರೆಯವರದಾಯಿತು ಎಂಬುದೇ ನಮ್ಮ ತೀರ್ಮಾನ.

ಇದನ್ನು ತಿರುಗಿಸಲು ಸಾಧ್ಯವಿದೆ. ಚಿತ್ರಕಲಾ ಪರಿಷತ್ತಿನಂಥ ಕಲಾಶಾಲೆಗಳ ವಿದ್ಯಾರ್ಥಿಗಳಿಂದ ನಮ್ಮ ಜಿಲ್ಲೆಗಳ ಉಡುಗೆ, ಕೇಶಶೈಲಿ, ಆಭರಣಗಳನ್ನು ಬರೆಯಿಸಿ, ಯಾರು ಬೇಕಾದರೂ ಬಳಸುವಂತೆ ಉಚಿತವಾಗಿ ಬಿಡುವ ಕೆಲಸವನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೈಗೊಳ್ಳಬೇಕು. ಅವನ್ನು ತಮ್ಮ ಪೆಟ್ಟಿಗೆಗೆ ಸೇರಿಸಿಕೊಳ್ಳಿ ಎಂದು ಕಂಪನಿಗಳನ್ನು ಒತ್ತಾಯಿಸುವ ಶಕ್ತಿ ಇಷ್ಟು ದೊಡ್ಡ ಮಾರುಕಟ್ಟೆಗೆ ಇದೆ. ಓದುಗರಲ್ಲಿ ನಮ್ಮದೊಂದು ಕೋರಿಕೆಯೂ ಇದೆ. ಯಾಹೂವಿನ ಗೊಂಬೆಗಳು 2013ರ ಏಪ್ರಿಲ್‌ನಲ್ಲಿ ಅಳಿದವು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು; ಚಿತ್ರಗಳನ್ನು ಇಳಿಸಿಕೊಳ್ಳಲು 2016ರ ಸೆಪ್ಟೆಂಬರಿನವರೆಗೆ ಅವಕಾಶವಿತ್ತು. ಬಹಳ ಮಂದಿಗೆ ಅದು ತಿಳಿಯಲೇ ಇಲ್ಲ, ಅವರ ಮೊದಲ ಮುಖಗಳು ಹೋದವು. ಇಂದಿನ ಆ್ಯಪ್‌ಗಳೂ ಒಂದು ದಿನ ಮುಚ್ಚುತ್ತವೆ. ನಿಮ್ಮ ಹಳೆಯ ಡಿಪಿಗಳನ್ನು, ನೀವು ಕೂಡಿಸಿಕೊಂಡ ಗೊಂಬೆಗಳನ್ನು ಈಗಲೇ ಇಳಿಸಿಕೊಳ್ಳಿ, ವರ್ಷ ಬರೆದು ಮನೆಯ ಆಲ್ಬಮ್ಮಿನ ಜೊತೆ ಇಡಿ.